ಶೇಕದಾರರ ಮಗನ ಸೂಟು, ಶೇಕದಾರರ ಪೇಟ

ಇಂಟರ್‌ವ್ಯೂಗೆ ಹೋಗುವವನ ಉಡುಪಿಗೆ ನಿಯಮಗಳಿವೆ. ಅವನ್ನು ನಾನು ಮಾಡಿದ್ದಲ್ಲ. ನಾನು ಓದಿದ ಮಿಷನ್ ಶಾಲೆಯಲ್ಲಿ ಪಾದ್ರಿಗಳು ಬೆತ್ತ ಹಿಡಿದು ಕಲಿಸಿದ್ದು. ಚಾಮರಾಜಪುರದ ನಮ್ಮ ಬೀದಿಯಲ್ಲಿ ಟೈ ಕಟ್ಟಲು ಬರುತ್ತಿದ್ದವನು ನಾನೊಬ್ಬನೇ. ಹಾಗಾಗಿ ಯಾರ ಮನೆಗೆ ಇಂಟರ್‌ವ್ಯೂ ಕಾರ್ಡು ಬಂದರೂ ಹುಡುಗ ಮೊದಲು ನನ್ನ ಜಗಲಿ ಹತ್ತುತ್ತಿದ್ದ. ನಾನು ನಿಯಮ ಹೇಳಿ ಕಳಿಸುತ್ತಿದ್ದೆ. ಅವನು ಬೀದಿ ದಾಟುವಷ್ಟರಲ್ಲಿ ಏನಾದರೊಂದು ಆಗಿರುತ್ತಿತ್ತು. ಎಲ್ಲವನ್ನೂ ಬರೆಯಲು ಹೊರಟರೆ ಮುಗಿಯದು. ಎದುರು ಮನೆಯ ಶೇಕದಾರರ ಮಗನೊಬ್ಬನದೇ ಸಾಕು.

ಶೇಕದಾರರು ರೆವಿನ್ಯೂ ಇಲಾಖೆಯಿಂದ ರಿಟೈರಾಗಿ ಮನೆಯಲ್ಲಿದ್ದರು. ಮಗ ಬಿ.ಎ. ಪಾಸಾಗಿ ಮನೆಯಲ್ಲಿದ್ದ. ಸೋದರಮಾವನ ಮಗಳನ್ನು ಅವನಿಗೇ ಕೊಡುವುದೆಂದು ಮಾತಾಗಿತ್ತು. ಮಾವ ಮಾತ್ರ, "ಕೆಲಸದ ಆರ್ಡರ್ ತೋರಿಸಲಿ, ಆಮೇಲೆ ಲಗ್ನ" ಎಂದು ಕೂತಿದ್ದರು. ಇತ್ತ ಸರ್ಕಾರಿ ಕೆಲಸದ ವಯೋಮಿತಿ ಹತ್ತಿರ ಬರುತ್ತಿತ್ತು. ಕೆಲಸ ತಪ್ಪಿದರೆ ಹುಡುಗಿಯೂ ತಪ್ಪಿದಂತೆ.

ಅಳತೆ

ಸೂಟು ಹೊಲಿಸಬೇಕು, ಬಣ್ಣ ಗಾಢವಾಗಿರಬೇಕು ಎಂದೆ. ಅಂಗಡಿಗೆ ನಾನೇ ಹೋಗಿ ಕಡುನೀಲಿ ಬಟ್ಟೆ ಆರಿಸಿದೆ. ಮನೆಗೆ ತಂದರೆ ಶೇಕದಾರರ ಹೆಂಡತಿ ದೀಪದ ಬೆಳಕಿನಲ್ಲಿ ನೋಡಿ, "ಇದು ಕರೀದು ಕಣ್ರಣ್ಣ. ಶುಭಕಾರ್ಯಕ್ಕೆ ಹೋಗೋ ಹುಡ್ಗಂಗೆ ಕರೀದು ಹಾಕ್ಸಾದಾ?" ಎಂದರು. ಮಾರನೆಯ ದಿನ ಬಟ್ಟೆಯನ್ನು ಬೀದಿಯಲ್ಲಿ ಬಿಸಿಲಿಗೆ ಹಿಡಿದು ಅಕ್ಕಪಕ್ಕದವರಿಂದ ಅದು ನೀಲಿಯೇ ಎಂದು ಹೇಳಿಸಿದ ಮೇಲೆ ಒಪ್ಪಿದರು.

ಅಳತೆಗೆ ಶೇಕದಾರರೂ ಜೊತೆಗೆ ಬಂದರು. ದರ್ಜಿ ಸೊಂಟಕ್ಕೆ ಟೇಪು ಸುತ್ತಿದಾಗ, "ಸ್ವಲ್ಪ ದೊಡ್ಡದಾಗೇ ಇರ್ಲಿ ಕಣಯ್ಯ, ಬೆಳೆಯೋ ಹುಡುಗ" ಎಂದರು.

ದರ್ಜಿ ಹುಡುಗನ ಮೀಸೆಯನ್ನೊಮ್ಮೆ ನೋಡಿದ. "ಇನ್ನೂ ಬೆಳೀತಾರಾ ಬುದ್ಧಿ?"

"ಉದ್ದಕ್ಕಲ್ಲ. ಮದುವೆ ಆಗೋನು."

ಸೂಟು ಅಳಿಯನ ಅಳತೆಗೆ ಹೊಲಿದದ್ದಾಯಿತು. ಅಭ್ಯರ್ಥಿ ಇನ್ನೂ ಅಷ್ಟು ದಪ್ಪ ಆಗಿರಲಿಲ್ಲ.

ಅರಿಶಿನ

ಮೊದಲನೆಯ ಇಂಟರ್‌ವ್ಯೂ ದಿನ ಬೆಳಿಗ್ಗೆ ನನ್ನ ಮನೆಗೆ ಕರೆಸಿಕೊಂಡು ಟೈ ಹಾಕಿದೆ. ಇನ್ನೊಬ್ಬರ ಕೊರಳಿಗೆ ಕಟ್ಟಲು ನನಗೆ ಬಾರದು. ಕನ್ನಡಿ ಮುಂದೆ ನನ್ನ ಕೊರಳಿಗೇ ಕಟ್ಟಿಕೊಂಡು, ಸಡಿಲಿಸಿ ತೆಗೆದು, ಹೂವಿನ ಹಾರದಂತೆ ಅವನಿಗೆ ತೊಡಿಸಿದೆ. ಉಳಿದ ನಿಯಮಗಳನ್ನೂ ಹೇಳಿದೆ: "ಕೂತ್ಕೊಳ್ಳಿ ಅನ್ನೋವರೆಗೆ ಕೂರಬೇಡ. ಅಂದಮೇಲೆ ತಕರಾರು ಮಾಡಬೇಡ. ಕೇಳಿದ್ದಕ್ಕಷ್ಟೇ ಉತ್ತರ. ನೀನಾಗಿ ಬಾಯಿ ಬಿಡಬೇಡ."

ಆಶೀರ್ವಾದಕ್ಕೆಂದು ಮನೆಗೆ ಹೋದವನನ್ನು ತಾಯಿ ನಿಲ್ಲಿಸಿದರು. ಹೊಸ ಬಟ್ಟೆಗೆ ಅರಿಶಿನ ಸೋಂಕಿಸದೆ ಹೊರಡುವುದುಂಟೆ? ಪಂಚೆಯಾದರೆ ಮೂಲೆ ಗೊತ್ತು. ಸೂಟಿಗೆ ಮೂಲೆ ಯಾವುದು? ಹುಡುಕಿ ಹುಡುಕಿ, ಕಣ್ಣಿಗೆ ಚೂಪಾಗಿ ಕಂಡ ಟೈ ತುದಿಗೆ ಧಾರಾಳವಾಗಿ ಹಚ್ಚಿದರು.

ಇಂಟರ್‌ವ್ಯೂ ಕೋಣೆಯಲ್ಲಿ ಅಧ್ಯಕ್ಷರು ಕೇಳಿದ ಮೊದಲ ಪ್ರಶ್ನೆ: "ಏನ್ರೀ ಅದು, ಹುಳಿ ಚೆಲ್ಕೊಂಡ್ರಾ?"

"ಇಲ್ಲ ಸಾರ್. ಅರಿಶಿನ. ಹೊಸ ಬಟ್ಟೆ."

ಪಕ್ಕದ ಸದಸ್ಯರು, ಹಚ್ಚಬೇಕಾದ್ದು ಕಾಲರಿನ ಒಳಗಡೆ ಎಂದರು. ಇನ್ನೊಬ್ಬರು, ತಮ್ಮ ಮನೆಯಲ್ಲಿ ಜೇಬಿನ ಮೂಲೆಗೆ ಎಂದರು. ಅಧ್ಯಕ್ಷರು, ಕುಂಕುಮವಿಲ್ಲದೆ ಬರಿಯ ಅರಿಶಿನ ಹಚ್ಚುವ ಪದ್ಧತಿಯೇ ಇಲ್ಲ ಎಂದರು. ಮಾತು ಸೀರೆಯ ಸೆರಗಿಗೆ ಹೋಯಿತು, ಅಲ್ಲಿಂದ ಅಧ್ಯಕ್ಷರ ಅತ್ತೆಯವರಿಗೆ ಹೋಯಿತು. ಅಷ್ಟರಲ್ಲಿ ಹೊತ್ತಾಯಿತೆಂದು ಇವನನ್ನು ಕಳಿಸಿದರು.

"ಏನು ಕೇಳಿದರು?" ಎಂದೆ, ಮರಳಿ ಬಂದವನನ್ನು.

"ನನ್ನನ್ನು ಏನೂ ಕೇಳಲಿಲ್ಲ ಸಾರ್. ಅವರವರೇ ಕೇಳ್ಕೊಂಡ್ರು."

ಗಂಟು

ಟೈ ತುದಿಯನ್ನು ಒಗೆಸಿ, ಗಂಟನ್ನು ಮಾತ್ರ ಬಿಚ್ಚದೆ ಮೊಳೆಗೆ ನೇತುಹಾಕಲು ಹೇಳಿದ್ದೆ. ಮುಂದಿನ ಇಂಟರ್‌ವ್ಯೂಗೆ ಕೊರಳಿಗೆ ಹಾಕಿ ಎಳೆದುಕೊಂಡರಾಯಿತು. ಅದರ ಹಿಂದಿನ ದಿನ ಶೇಕದಾರರ ಹೆಂಡತಿ ಮಗನ ಬಟ್ಟೆಯನ್ನೆಲ್ಲ ಇಸ್ತ್ರಿಗೆ ತೆಗೆದರು. ಬೆಳಿಗ್ಗೆ ಟೈ ಉದ್ದಕ್ಕೆ, ನೀಟಾಗಿ, ಮಡಿಸಿ ಇಟ್ಟಿತ್ತು.

"ಅದ್ಯಾವನೋ ಸಿಕ್ಕು ಹಾಕ್ಬುಟ್ಟಿದ್ದ ಕಣಪ್ಪ. ಬಿಡ್ಸೋಕೆ ಸಾಕುಸಾಕಾಗೋಯ್ತು" ಎಂದರಂತೆ ತಾಯಿ.

ಆ ಹೊತ್ತಿಗೆ ನಾನು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗಿನಲ್ಲಿದ್ದೆ. ಹುಡುಗ ಸೂಟು ಹಾಕಿಕೊಂಡು, ಟೈಯನ್ನು ಕೈಯಲ್ಲಿ ಹಿಡಿದು, ಸೈಕಲ್ ತುಳಿದುಕೊಂಡು ಬಂದ. ಬೇರೆ ದಾರಿಯಿರಲಿಲ್ಲ. ಖಾಕಿ ಚಡ್ಡಿ, ತೋಳಿನ ಬನಿಯನ್ನಿನಲ್ಲಿ ನಿಂತು ನನ್ನ ಕೊರಳಿಗೆ ಟೈ ಕಟ್ಟಿಕೊಂಡೆ. ಕನ್ನಡಿಯಿಲ್ಲದ್ದರಿಂದ ಗಂಟು ನೇರವಿದೆಯೇ ಎಂದು ಹುಡುಗ ನೋಡಿ ಹೇಳುತ್ತಿದ್ದ. ದಿನವೂ ಎದುರಿಗೆ ಸಿಗುತ್ತಿದ್ದ ವೃದ್ಧರೊಬ್ಬರು ನಿಂತು ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದರು.

"ಇಂಟರ್‌ವ್ಯೂಗಾ?" ಎಂದರು.

ಹೌದೆಂದೆ.

"ಈ ವಯಸ್ಸಲ್ಲೂ ಬಿಡಬೇಡಿ ಪ್ರಯತ್ನ. ಆದರೆ ಷರಾಯಿ ಹಾಕ್ಕೊಂಡು ಹೋಗಿ."

ಆ ಕೆಲಸವೂ ಆಗಲಿಲ್ಲ. ಕೊರಳಿನ ಗಂಟು ಬಿಗಿಯಾಗಿ ಉತ್ತರ ಹೊರಡಲಿಲ್ಲವಂತೆ, ಸಡಿಲಿಸುವ ನಿಯಮವನ್ನು ನಾನು ಹೇಳಿರಲಿಲ್ಲವಂತೆ.

ಪೇಟ

ಮೂರನೆಯ ಕಾರ್ಡು ಬಂದಾಗ ಇದೇ ಕೊನೆಯದೆಂದು ಎಲ್ಲರಿಗೂ ಗೊತ್ತಿತ್ತು. ಆ ವರ್ಷ ದಾಟಿದರೆ ವಯೋಮಿತಿ ಮುಗಿಯುತ್ತಿತ್ತು. ಮಾವ ಬೇರೆ ಕಡೆ ಜಾತಕ ಕೊಟ್ಟಿದ್ದಾರೆಂಬ ಸುದ್ದಿಯೂ ಬಂದಿತ್ತು. ಶೇಕದಾರರು ನನ್ನ ಜಗಲಿಗೆ ಬಂದು, "ಸ್ವಾಮಿ, ನಿಮ್ಮ ಸೂಟು ಎರಡು ಸಲ ನೋಡಾಯ್ತು. ಇನ್ನು ನಮ್ಮದೊಂದ್ಸಲ ಆಗ್ಲಿ" ಎಂದರು. ದಸರಾ ದರ್ಬಾರಿಗೆಂದು ಹೊಲಿಸಿದ್ದ ತಮ್ಮ ಕರಿಯ ಕ್ಲೋಸ್ ಕೋಟು, ಕಚ್ಚೆಪಂಚೆ, ಜರಿಪೇಟ ತೆಗೆದರು. ಕೋಟು ಕರಿಯದೆಂದು ಯಾರೂ ಆಕ್ಷೇಪಿಸಲಿಲ್ಲ. ಇದು ಉಡುಪಲ್ಲ, ವೇಷ ಎಂದೆ. ಯಾರೂ ಕೇಳಲಿಲ್ಲ. ಪೇಟ ಇಟ್ಟ ಮೇಲೆ ಹುಡುಗ ಹತ್ತು ವರ್ಷ ದೊಡ್ಡವನಂತೆ ಕಂಡದ್ದು ಮಾತ್ರ ನಿಜ.

ಮುಂದಿನದನ್ನು ಅವನೇ ಹೇಳಿದ್ದು. ಕಚೇರಿ ಮೆಟ್ಟಿಲು ಹತ್ತಿದಾಗ ಬೆಂಚಿನ ಮೇಲಿದ್ದ ಸೂಟಿನ ಅಭ್ಯರ್ಥಿಗಳೆಲ್ಲ ಎದ್ದು ನಿಂತರು. ವಯಸ್ಸಾದ ಜವಾನ ಬಗ್ಗಿ ನಮಸ್ಕರಿಸಿ, ಬಾಗಿಲು ತೆಗೆದು, ನೇರ ಒಳಗೆ ಬಿಟ್ಟ. ಬೇರೆ ಇಲಾಖೆಯಿಂದ ಒಬ್ಬ ಸದಸ್ಯರು ಬರಬೇಕಾಗಿತ್ತು. ಅವರ ಮುಖ ಯಾರೂ ನೋಡಿರಲಿಲ್ಲ, ಅವರು ಆ ದಿನ ಬರಲೂ ಇಲ್ಲ. ಅಧ್ಯಕ್ಷರು ಅರ್ಧ ಎದ್ದು, "ಬನ್ನಿ, ಬನ್ನಿ, ಕೂತ್ಕೊಳ್ಳಿ" ಎಂದು ತಮ್ಮ ಪಕ್ಕದ ಕುರ್ಚಿ ತೋರಿಸಿದರು.

ಕೂತ. ಕಾಫಿ ಬಂತು, ಕುಡಿದ.

ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಬಂದರು, ಹೋದರು. ಒಬ್ಬ ಚೆನ್ನಾಗಿ ಉತ್ತರ ಹೇಳಿದ. ಅಧ್ಯಕ್ಷರು ಅವನ ಮುಂದೆಯೇ ಇವನ ಕಡೆ ತಿರುಗಿ, "ತಾವೇನಂತೀರಿ?" ಎಂದರು. ಕೇಳಿದ್ದರಿಂದ ಉತ್ತರ ಕೊಟ್ಟ: "ಇವರಿಗೆ ಕೊಡಬಹುದು ಸಾರ್."

ಆಮೇಲೆ ಜವಾನ ಹೊರಗೆ ಇವನ ಹೆಸರು ಕೂಗಿದ. ಯಾರೂ ಬರಲಿಲ್ಲ. ಮತ್ತೆ ಕೂಗಿದ. ಅಧ್ಯಕ್ಷರು, "ಗೈರುಹಾಜರಿ ಅಂತ ಬರ್ಕೊಳ್ಳಿ" ಎಂದು ಗುಮಾಸ್ತರಿಗೆ ಹೇಳಿದಾಗ ಮಾವನ ಮಗಳು ಕಣ್ಣ ಮುಂದೆ ಬಂದಳಂತೆ. ಎದ್ದು ನಿಂತ.

"ಸಾರ್, ಅದು ನಾನೇ."

"ಯಾವುದು ತಾವು?"

"ಆ ಗೈರುಹಾಜರಿ."

"ಮತ್ತೆ ಇಲ್ಲಿ ಯಾಕ್ರೀ ಕೂತಿದ್ದು?" ಎಂದರು ಅಧ್ಯಕ್ಷರು.

"ತಾವು ಕೂತ್ಕೊಳ್ಳಿ ಅಂದ್ರಿ ಸಾರ್. ತಕರಾರು ಮಾಡಬಾರದು ಅಂತ..."

ಮೇಜು ಸುತ್ತಿ ಆಚೆ ಹೋಗಿ ನಿಲ್ಲಲು ಹೇಳಿದರು. ಪ್ರಶ್ನೆ ಶುರುವಾಯಿತು. "ಸಾರ್, ಇದರ ಉತ್ತರ ಈಗ ತಾನೇ ಆ ಕಡೆ ಕೂತು ಕೇಳಿದೆ" ಎಂದ. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಮ್ಮ ಹತ್ತಿರ ಇರೋ ಪ್ರಶ್ನೆ ಇಷ್ಟೇ ಕಣ್ರೀ. ಹೇಳಿ."

ಎಲ್ಲವನ್ನೂ ಹೇಳಿದ. ಆರ್ಡರ್ ಬಂತು, ಲಗ್ನವೂ ಆಯಿತು. ಸೂಟು ಈಗ ಅವನಿಗೆ ಸರಿಯಾಗಿ ಕೂರುತ್ತದೆ. ಬೀದಿಯ ಹುಡುಗರು ಇಂಟರ್‌ವ್ಯೂ ಬಂದರೆ ನನ್ನ ಜಗಲಿ ಬಿಟ್ಟು ಎದುರು ಮನೆಗೆ, ಪೇಟ ಕೇಳಲು ಹೋಗುತ್ತಾರೆ.

ಇವನು ಶಿಫಾರಸು ಮಾಡಿದ್ದ ಆ ಅಭ್ಯರ್ಥಿಗೂ ಅದೇ ಕಚೇರಿಯಲ್ಲಿ ಕೆಲಸವಾಗಿದೆ, ಪಕ್ಕದ ಮೇಜು. ಇವನು ಒಳಗೆ ಬಂದರೆ ಇವತ್ತಿಗೂ ಎದ್ದು ನಿಲ್ಲುತ್ತಾನಂತೆ. ಯಾವುದೋ ಗುಟ್ಟಿನ ತನಿಖೆಗೆ ದೊಡ್ಡ ಅಧಿಕಾರಿಯೇ ಗುಮಾಸ್ತನಾಗಿ ಬಂದು ಕೂತಿದ್ದಾರೆ ಎಂದು ಅವನ ನಂಬಿಕೆ.

"ಇದು ಸರಿಯಲ್ಲ. ನಿಜ ಹೇಳಿಬಿಡು" ಎಂದೆ.

"ಅವರು ಕೇಳಿಲ್ಲ ಸಾರ್" ಎಂದ. "ನಾನಾಗಿ ಬಾಯಿ ಬಿಡಬಾರದಲ್ಲ."