ಹಡಗಿನ ಪಂಪು ಮತ್ತು ಧಣಿಗಳ ಅಮ್ಮ

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಫ್ಯಾಕ್ಟರಿ. ಲೋಹದ ಪುಡಿಯನ್ನು ಲೇಸರಿನಿಂದ ಪದರಪದರವಾಗಿ ಕರಗಿಸಿ ನೌಕಾಪಡೆಯ ಹಡಗಿನ ಪಂಪಿಗೆ ಚಕ್ರ ಮಾಡುವುದು. ಕೆಲಸವೇನೋ ಮಹಾ ಗಂಭೀರ. ಆದರೆ ನಗದೆ ಮನೆಗೆ ಹೋದ ದಿನ ನೆನಪಿಲ್ಲ ಮಾರಾಯ್ರೇ! "ಈ ಮೊದಲ ಚಕ್ರ ಪಾಸಾಗದಿದ್ದರೆ ಮಿಷನ್ ಮಾರಿ ಇಲ್ಲೇ ದೋಸೆ ಕಲ್ಲು ಇಡ್ತೇನೆ" ಎಂದಿದ್ದರು ಧಣಿಗಳು. ಉಡುಪಿ ಹೋಟೆಲಿನ ಮನೆತನ, ಹೇಳಿದರೆ ಮಾಡುವವರೇ. ನನಗೋ ದೋಸೆ ಹುಯ್ಯಲು ಬರುವುದಿಲ್ಲ.

೧. ಮುಚ್ಚಳ

ಚಕ್ರ ಬೆಳೆಯುವಾಗ ಮಿಷನ್ನಿನೊಳಗೆ ಹೊರಗಿನ ಗಾಳಿ ಹೋಗಬಾರದು. ಧಣಿಗಳಿಗೆ ಕೈ ಸುಮ್ಮನಿರುವುದಿಲ್ಲ. "ಒಮ್ಮೆ ತೆಗೆದು ನೋಡುವನಾ? ಬೆಂದಿರಬಹುದು" ಎಂದು ಹಿಡಿಗೆ ಕೈ ಹಾಕಿಯೇಬಿಟ್ಟರು. ಅಯ್ಯಯ್ಯೋ ಎಂದು ಹಿಂದಕ್ಕೆಳೆದೆ. ಮರುದಿನ ಮಿಷನ್ನಿನ ಮುಚ್ಚಳಕ್ಕೆ ಚೀಟಿ ಅಂಟಿಸಿದೆ: "ಇದು ಇಡ್ಲಿ ಅಲ್ಲ."

೨. ಮುರಿದರೆ ಚಪ್ಪಾಳೆ

ಚಕ್ರದ ಜೊತೆಗೇ ಮಾಡಿದ ಸರಳುಗಳನ್ನು ಎಳೆದೆಳೆದು ಮುರಿಯುತ್ತಾರೆ. ಎಷ್ಟು ತಾಳಿತು ಎಂಬುದೇ ಪರೀಕ್ಷೆ. ಊಟದ ಡಬ್ಬಿ ತಂದ ಧಣಿಗಳ ಅಮ್ಮ ಬಾಗಿಲಲ್ಲೇ ನಿಂತರು. ಸರಳು ಫಟ್ಟೆಂದಿತು, ನಾವು ಚಪ್ಪಾಳೆ ತಟ್ಟಿದೆವು. ಅಮ್ಮನಿಗೆ ಪಿತ್ತ ನೆತ್ತಿಗೇರಿತು. ಪರೀಕ್ಷೆಗೆ ಬಂದ ನೌಕಾಪಡೆಯ ಇನ್‌ಸ್ಪೆಕ್ಟರಿಗೆ, "ಮಕ್ಕಳು ಕಷ್ಟಪಟ್ಟು ಮಾಡಿದ್ದನ್ನು ಮುರೀತೀರಲ್ಲ, ಮನೆಯಲ್ಲಿ ಯಾರೂ ಬುದ್ಧಿ ಹೇಳುವವರಿಲ್ವಾ?"

ಇನ್‌ಸ್ಪೆಕ್ಟರು ಧಾರವಾಡದ ಕಡೆಯವರು. "ಅದಾರ್ರೀ ಅಮ್ಮಾ. ಅದಕ್ಕ ಮನ್ಯಾಗ ಏನೂ ಮುರಿಯಂಗಿಲ್ಲ."

"ಪಾಸಾಗುವವರೆಗೆ ಠಾಕುರ್ಲಿಯ ಮನೆ ಬಿಟ್ಟು ಈ ಕಡೆ ಬರಬೇಡ ಅಮ್ಮ" ಎಂದು ಧಣಿಗಳು ಕೈ ಮುಗಿದರು. ಅಮ್ಮ ಮುಖ ಊದಿಸಿಕೊಂಡು ಹೋದರು.

೩. ದುಂಡಗಿನ ಬಿರುಕು

ಕೊನೆಯ ಪರೀಕ್ಷೆ. ಚಕ್ರಕ್ಕೆ ಕೆಂಪು ಬಣ್ಣ ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಬೇಕು. ಬಿರುಕಿದ್ದರೆ ಅದರೊಳಗೆ ಕುಳಿತ ಕೆಂಪು ಬಿಳಿಯ ಮೇಲೆ ಮೂಡುತ್ತದೆ. ಮೂಡಲು ಸ್ವಲ್ಪ ಹೊತ್ತು ಬೇಕು, ಎಲ್ಲರೂ ಚಹಾಕ್ಕೆ ಹೋದೆವು.

ಬಂದು ನೋಡಿದರೆ ನಟ್ಟನಡುವೆ ಕೆಂಪು! ಧಣಿಗಳು ಕುರ್ಚಿಯಲ್ಲಿ ಕುಸಿದರು. ನನ್ನ ಕಣ್ಣಿಗೆ ದೋಸೆ ಕಲ್ಲು ಕಂಡಿತು. ಇನ್‌ಸ್ಪೆಕ್ಟರು ಬಗ್ಗಿ ಬಗ್ಗಿ ನೋಡಿ, "ಇಷ್ಟು ದುಂಡಗಿನ ಬಿರುಕು ನನ್ನ ಸರ್ವೀಸಿನಾಗ ನೋಡಿಲ್ರೀ!" ಎಂದರು.

ಬಾಗಿಲ ಮರೆಯಿಂದ ಅಮ್ಮ ಬಂದರು, ಕೈಯಲ್ಲಿ ಕುಂಕುಮದ ಡಬ್ಬಿ. "ಸಮುದ್ರಕ್ಕೆ ಹೋಗುವುದಲ್ವಾ, ಬೋಳು ಹಣೆಯಲ್ಲಿ ಕಳಿಸುವುದಾ ಮಗಾ?"

ತೊಳೆದು, ಒಣಗಿಸಿ, ಮೊದಲಿಂದ ಪರೀಕ್ಷೆ. ಈ ಸಲ ಯಾರೂ ಚಹಾಕ್ಕೆ ಹೋಗಲಿಲ್ಲ. ಒಂದು ಗೆರೆಯೂ ಮೂಡಲಿಲ್ಲ. ಪಾಸ್! ಧಣಿಗಳು ಅಮ್ಮನನ್ನು ತಬ್ಬಿಕೊಂಡು ಅತ್ತೇಬಿಟ್ಟರು.

ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಂಡು ನಿಯಮ ಹೇಳಿದರು. "ನೋಡ್ರೀ, ಈ ಚಕ್ರಕ್ಕ ಏನೇನು ಮಾಡೀರಿ, ಮುಂದಿನ ಎಲ್ಲಾ ಚಕ್ರಕ್ಕೂ ಹಂಗ ಮಾಡಬೇಕು. ಒಂದೂ ಬಿಡಂಗಿಲ್ಲ."

ಅಮ್ಮ ಡಬ್ಬಿಯ ಮುಚ್ಚಳ ಹಾಕಿದರು. "ಕೇಳಿದೆಯಲ್ಲ ಮಗಾ? ಇನ್ನು ಪ್ರತಿ ಚಕ್ರಕ್ಕೂ ಠಾಕುರ್ಲಿಗೆ ರಿಕ್ಷಾ ಕಳಿಸು."