ಹನ್ನೆರಡು ಮನೆಗಳ ವಿರುದ್ಧ ಐದು ಪುಟ

ಅರ್ಜಿ ಬರೆಯುವುದರಲ್ಲಿ ಚಳ್ಳಕೆರೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಎಣ್ಣೆ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಪತ್ರ ಬರೆದ ಕೈ ಇದು! ಹೀಗಾಗಿ ನಮ್ಮ ಪಕ್ಕದ ಖಾಲಿ ಜಾಗದಲ್ಲಿ ಕಡಲೆಕಾಯಿ ವ್ಯಾಪಾರಿ ಓಬಳೇಶಪ್ಪನವರು ಮೂರಂತಸ್ತಿನ ಕಟ್ಟಡ ಎಬ್ಬಿಸುತ್ತಾರೆ, ಅಂತಸ್ತಿಗೆ ನಾಲ್ಕರಂತೆ ಹನ್ನೆರಡು ಬಾಡಿಗೆ ಮನೆಗಳಂತೆ ಎಂದು ತಿಳಿದಾಗ, ಬೀದಿಯನ್ನು ಕಾಪಾಡುವ ಭಾರ ನನ್ನ ಹೆಗಲೇರಿತು. ಯಾರೂ ಹೊರಿಸಿರಲಿಲ್ಲ. ನಾನೇ ಎತ್ತಿಟ್ಟುಕೊಂಡೆ.

ಚಿಂತೆ ನನ್ನ ಹುಟ್ಟುಗುಣ. ಹನ್ನೆರಡು ಮನೆಗೆ ಐದೈದು ಜನರಂತೆ ಅರವತ್ತು ಜನ. ನೂರಿಪ್ಪತ್ತು ಕಣ್ಣು! ಅವೆಲ್ಲ ಭಾನುವಾರ ಹಿತ್ತಲಲ್ಲಿ ಮೈಗೆ ಎಣ್ಣೆ ಹಚ್ಚಿಕೊಂಡು ಕೂರುವ ನನ್ನ ಮೇಲೆಯೇ ನೆಟ್ಟರೆ?

"ನಿಮ್ಮನ್ನ ನೋಡಾಕೆ ಮಹಡಿ ಹತ್ತೋರು ಯಾರೂ ಇಲ್ಲ, ಸುಮ್ನಿರ್ರಿ" ಎಂದಳು ಹೆಂಡತಿ ಗೌರಮ್ಮ.

ನಾನು ಸುಮ್ಮನಿರಲಿಲ್ಲ. ಪುರಸಭೆಗೆ ಐದು ಪುಟದ ಅರ್ಜಿ ಬರೆದೆ. ಮೊದಲ ಪ್ಯಾರಾದಲ್ಲಿ, ಇಡೀ ಬೀದಿಗೆ ಒಂದೇ ನಲ್ಲಿ ಇರುವುದನ್ನೂ ಅದು ದಿನ ಬಿಟ್ಟು ದಿನ ಉಸಿರು ಬಿಡುವುದನ್ನೂ ವಿವರಿಸಿದೆ. ಉಳಿದ ಪುಟಗಳಲ್ಲಿ ಗಾಳಿ, ಬೆಳಕು, ಮರ್ಯಾದೆ, ಬೆಂಗಳೂರಿನಂಥ ಊರುಗಳಿಗೆ ಬಡಿದ ಮಹಡಿ ರೋಗ ಎಲ್ಲವೂ ಬಂದವು. ಕೊನೆಯಲ್ಲಿ, "ಸದರಿ ಕಟ್ಟಡವನ್ನು ನೆಲಮಟ್ಟದಲ್ಲಿಯೇ ನಿಲ್ಲಿಸತಕ್ಕದ್ದು" ಎಂದು ಆಜ್ಞಾಪಿಸಿದೆ. ಓದಿದರೆ ನನಗೇ ಮೈ ಜುಮ್ಮೆನ್ನುತ್ತಿತ್ತು.

ಸಹಿಗಾಗಿ ಮೊದಲು ಹೋದದ್ದು ನನ್ನ ಬಾಲ್ಯದ ಗೆಳೆಯ, ಟೈಲರ್ ಬೋರಣ್ಣನ ಅಂಗಡಿಗೆ.

"ಅವ್ರು ಕಟ್ಟಿಸಿದ್ರೆ ನಿಂಗೇನಲೇ ಹೊಟ್ಟೆನೋವು? ಅರವತ್ತು ಜನ ಬಂದ್ರೆ ನಂಗೆ ಅರವತ್ತು ಅಂಗಿ ಹೊಲಿಯೋ ಕೆಲ್ಸ! ಹೋಗಲೇ" ಎಂದು ಮಿಷನ್ ತುಳಿಯತೊಡಗಿದ.

ಎರಡನೆಯ ಮನೆಯಿಂದ ನಾನು ಮಾತು ಬದಲಿಸಿದೆ. "ನೀರಿನ ಅರ್ಜಿ" ಎಂದೆ. ಸುಳ್ಳೇನಲ್ಲ, ಮೊದಲ ಪ್ಯಾರಾ ನೀರಿನದೇ! ಅರ್ಧ ಗಂಟೆಯಲ್ಲಿ ಮೂವತ್ತು ಸಹಿ. ಮೂಲೆಮನೆ ಸಿದ್ದಮ್ಮ, "ನೀರಾ? ಕೊಡಪ್ಪಾ ಇಲ್ಲಿ" ಎಂದು ಹೆಬ್ಬೆಟ್ಟನ್ನು ಎರಡು ಸಲ ಒತ್ತಿದಳು. ಬೋರಣ್ಣನೂ ಓಡಿಬಂದ: "ನೀರಿಗಾದ್ರೆ ನಂದೂ ಒಂದಿರ್ಲಿ."

ಅಷ್ಟರಲ್ಲಿ ಸ್ಕೂಟರಿನಲ್ಲಿ ಬಂದ ಓಬಳೇಶಪ್ಪನವರು, "ನೀರಿಂದಾ? ಒಳ್ಳೇ ಕೆಲ್ಸ ಮಾಡ್ತಿದೀರಿ, ತರ್ರಿ" ಎಂದು ಸೀಟಿನ ಮೇಲೇ ಹಾಳೆ ಇಟ್ಟು, ತಮ್ಮ ಕಟ್ಟಡದ ವಿರುದ್ಧ ತಾವೇ ದಪ್ಪ ಸಹಿ ಹಾಕಿದರು. ಅವರು ಪುಟ ತಿರುಗಿಸುವ ಮೊದಲೇ ನಾನು ಹಾಳೆಗಳನ್ನು ಮಡಚಿ ಕಂಕುಳಿಗೆ ಸೇರಿಸಿದೆ.

ಪುರಸಭೆಯಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಗೆದ್ದ ಗತ್ತಿನಲ್ಲಿ ಮನೆಗೆ ಬಂದೆ. ಗೌರಮ್ಮ ಬಾಗಿಲಲ್ಲೇ ನಗುತ್ತ ನಿಂತಿದ್ದಳು.

"ಸುಧಾಗೆ ಮನೆ ಸಿಕ್ತು ಕಣ್ರಿ!"

ಸುಧಾ ನಮ್ಮ ಮಗಳು. ಮೊಳಕಾಲ್ಮೂರಿನಲ್ಲಿ ಮೇಷ್ಟ್ರಾಗಿದ್ದ ಅಳಿಯನಿಗೆ ನಮ್ಮೂರಿಗೇ ವರ್ಗವಾಗಿ ಎರಡು ತಿಂಗಳಾಗಿತ್ತು. ನಮ್ಮ ಮನೆಯಲ್ಲಿರಿ ಎಂದರೆ ಒಪ್ಪಲಿಲ್ಲ. ಮನೆಅಳಿಯ ಎಂದು ಜನ ಆಡಿಕೊಳ್ಳುತ್ತಾರಲ್ಲ! ಊರೆಲ್ಲ ಹುಡುಕಿದರೂ ಬಾಡಿಗೆ ಮನೆ ಸಿಗದೆ ಅವನು ದಿನವೂ ಬಸ್ಸಿನಲ್ಲಿ ಓಡಾಡಿ ಸೊರಗಿದ್ದ. ಐದು ತಿಂಗಳ ಕೂಸನ್ನು ಮಗಳು ಅಲ್ಲಿ ಒಬ್ಬಳೇ ನೋಡಿಕೊಳ್ಳುತ್ತಿದ್ದಳು.

"ಎಲ್ಲಿ ಸಿಕ್ತು?"

"ಓಬಳೇಶಪ್ಪನೋರ ಹತ್ರ ನಾನೇ ಮಾತಾಡಿ ಬಂದೆ. ಕಟ್ಟಡ ಮುಗಿದ ಕೂಡ್ಲೇ ಕೊಡ್ತಾರಂತೆ. ಎರಡನೇ ಮಹಡಿ, ನಮ್ ಕಡೀದು. ಕೂಸು ಅತ್ರೆ ಇಲ್ಲಿಗೇ ಕೇಳ್ತೈತೆ!"

ಅಂದರೆ ಮೊಮ್ಮಗನ ತೊಟ್ಟಿಲು ತೂಗಬೇಕಾದ ಜಾಗವನ್ನು ನಾನು ಐದು ಪುಟ ಬರೆದು ಗಾಳಿಯಲ್ಲೇ ಕೆಡವಿದ್ದೆ! ಜಗಲಿಯ ಮೇಲೆ ಕುಸಿದು ಕುಳಿತು ಎಲ್ಲವನ್ನೂ ಒಪ್ಪಿಕೊಂಡೆ. ಗೌರಮ್ಮ ಬೈಯಲಿಲ್ಲ. ಚಪ್ಪಲಿ ತಂದು ನನ್ನ ಕಾಲ ಬಳಿ ಇಟ್ಟಳು.

"ಹೋಗ್ರಿ. ಅರ್ಜಿ ತಗಂಡೇ ಬರ್ರಿ."

ಓಡಿದೆ. ಗುಮಾಸ್ತ ತಲೆ ಎತ್ತಲಿಲ್ಲ. "ಮೊಹರು ಬಿದ್ದಿದ್ದು ವಾಪಸ್ ಕೊಡಂಗಿಲ್ರಿ. ಬೇಕಾದ್ರೆ ಅರ್ಜಿ ಬ್ಯಾಡ ಅಂತ ಇನ್ನೊಂದು ಅರ್ಜಿ ಕೊಡ್ರಿ. ಸಹಿ ಮಾಡಿದೋರೆಲ್ಲ ಮತ್ತೆ ಮಾಡ್ಬೇಕು."

ಮತ್ತೆ ಮನೆಮನೆ ಸುತ್ತಿದೆ.

"ನೀರು ಬ್ಯಾಡ ಅಂತ ಸಹಿ ಹಾಕ್ಬೇಕಾ? ತಲೆ ನೆಟ್ಟಗೈತೇನಲೇ?" ಎಂದ ಬೋರಣ್ಣ. ಸಿದ್ದಮ್ಮ ಕೊಡ ಎತ್ತಿದಳು. ತುಂಬಿದ ಕೊಡವೋ ಖಾಲಿಯೋ ನೋಡಲು ನಾನು ನಿಲ್ಲಲಿಲ್ಲ.

ಹೊಸ ಅರ್ಜಿಗೆ ಒಂದು ಸಹಿಯೂ ಬೀಳಲಿಲ್ಲ. ಮುಂದಿನ ಎರಡು ವಾರ ನನ್ನ ಜೀವ ಗಾರೆಯವರ ಕೈಯಲ್ಲಿತ್ತು. ಕರಣೆಯ ಸದ್ದು ನಿಂತರೆ ನನ್ನ ಎದೆಯೂ ನಿಲ್ಲುತ್ತಿತ್ತು. ನೋಡಿದರೆ ಅವರು ಟೀ ಕುಡಿಯುತ್ತಿರುತ್ತಿದ್ದರು. ಒಂದು ಬೆಳಿಗ್ಗೆ ಪುರಸಭೆಯ ಜೀಪು ಕಟ್ಟಡದ ಮುಂದೆಯೇ ನಿಂತಿತು. ಇಂಜಿನಿಯರು ಇಳಿದರು, ಟೇಪು ಬಿಚ್ಚಿದರು. ಹಿಂದೆ ಗುದ್ದಲಿ ಹಿಡಿದ ನಾಲ್ವರು! ಗೌರಮ್ಮ ನನ್ನತ್ತ ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ.

ಗುದ್ದಲಿಗಳು ಕಟ್ಟಡ ಮುಟ್ಟಲಿಲ್ಲ. ರಸ್ತೆ ಅಗೆಯತೊಡಗಿದವು.

"ಅರ್ಜಿ ಕೊಟ್ಟೋರು ನೀವೇ ಅಲ್ವಾ? ಹೊಸ ಪೈಪು ಮಂಜೂರಾಗೈತೆ. ಎರಡು ನಲ್ಲಿ ಹಾಕ್ತೀವಿ" ಎಂದರು ಇಂಜಿನಿಯರು.

ನಾನು ಅವರ ಕಿವಿಯ ಹತ್ತಿರ ಸರಿದೆ. "ಸಾರ್, ಅರ್ಜೀನ... ಪೂರ್ತಿ ಓದಿದ್ರಾ?"

"ಐದು ಪುಟ ಯಾರು ಓದ್ತಾರ್ರೀ? ಮೊದಲನೇ ಪ್ಯಾರಾ ನೋಡಿ ನೀರಿನ ಸೆಕ್ಷನ್ನಿಗೆ ಕಳ್ಸಿದ್ರು. ಯಾಕೆ, ಒಳಗೆ ಇನ್ನೇನಾದ್ರೂ ಐತಾ?"

"ಏನೂ ಇಲ್ಲ ಸಾರ್! ಬರೀ ನೀರು ಸಾರ್!"

ಓಬಳೇಶಪ್ಪನವರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನೀವು ಬರೀದೇ ಇದ್ದಿದ್ರೆ ಹನ್ನೆರಡು ಮನೆಗೆ ನಾನು ಎಲ್ಲಿಂದ ನೀರು ತರ್ಲಿ ಹೇಳ್ರಿ?"

ನನ್ನ ಕಣ್ಣು ತುಂಬಿ ಬಂತು. ಬೀದಿಯವರು ಅದನ್ನು ವಿನಯ ಎಂದುಕೊಂಡರು. ತಾನು ಬರೆದದ್ದನ್ನು ಒಬ್ಬರೂ ಓದಲಿಲ್ಲವೆಂದು ತಿಳಿದು ಆನಂದಬಾಷ್ಪ ಸುರಿಸಿದ ಲೇಖಕ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು!