ಸೇತುವೆ ಮೇಲಿನ ಮದುವೆ

ನವೆಂಬರ್ ಕೊನೆಯ ಶನಿವಾರ ಚರ್ಚು ಖಾಲಿ ಇದೆ ಎಂದಾಗ, ಚಪ್ಪಲಿ ಅಂಗಡಿಯ ಡೆಲ್ಮರ್ ಪಿಟ್ಸ್ ತನ್ನ ಅದೃಷ್ಟ ಖುಲಾಯಿಸಿತು ಅಂದುಕೊಂಡ. ಮಗಳು ಲುರೀನಳ ಮದುವೆಗೆ ಆ ದಿನವನ್ನೇ ಗೊತ್ತು ಮಾಡಿ ಬಂದ. ಯಾಕೆ ಖಾಲಿ ಇದೆ ಎಂದು ಕೇಳುವ ಬುದ್ಧಿ ಓಡಲಿಲ್ಲ.

ಚಟಹೂಚಿ ನದಿಯ ಈ ದಡ ಅಲಬಾಮಾ, ಆ ದಡ ಜಾರ್ಜಿಯಾ. ದಡಕ್ಕೊಂದು ಕಾಲೇಜು, ನಡುವೆ ಒಂದೇ ಸೇತುವೆ. ಈ ಕಡೆಯವರು ಕಿತ್ತಳೆ ಬಣ್ಣ ಬಿಟ್ಟರೆ ಬೇರೆ ಅಂಗಿ ತೊಡುವುದಿಲ್ಲ, ಆ ಕಡೆಯವರು ಹಸಿರು ಬಿಟ್ಟು ಬೇರೆ ತೊಡುವುದಿಲ್ಲ. ಎರಡು ಕಾಲೇಜುಗಳ ನಡುವೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಪಂದ್ಯ ವರ್ಷಕ್ಕೊಮ್ಮೆ. ಅದು ನವೆಂಬರ್ ಕೊನೆಯ ಶನಿವಾರ. ಸಾಲದ್ದಕ್ಕೆ ಲುರೀನ್ ಕೈಹಿಡಿಯಲಿದ್ದ ಕರ್ಟಿಸ್ ಆ ದಡದ ಹುಡುಗ.

ಬೆಳಿಗ್ಗೆಯೇ ಪಕ್ಕದ ಮನೆಯ ಟಬ್ಸಮ್ಮ ಬೇಲಿಯಾಚೆಯಿಂದ ಶುರುವಿಟ್ಟಳು. "ಡೆಲ್ಮರ್, ನನ್ನ ಗಂಡ ಸತ್ತಾಗ್ಲೂ ಈ ಪಂದ್ಯ ತಪ್ಪಿಸಿರ್ಲಿಲ್ಲ ಕಣಪ್ಪಾ. ಮಣ್ಣು ಮಾಡೋದನ್ನ ಭಾನುವಾರಕ್ಕೆ ಹಾಕಿದ್ದೆ. ನಿನ್ನ ಮಗಳಿಗೇನು ಅಷ್ಟೊಂದು ಅವಸರ?"

"ಗೊತ್ತಾಗ್ಲಿಲ್ಲಮ್ಮಾ," ಎಂದ ಡೆಲ್ಮರ್.

"ಗೊತ್ತಾಗ್ಲಿಲ್ವಂತೆ! ಊರಿನ ನಾಯಿಗೂ ಗೊತ್ತು ರೀ," ಎಂದು ಒಳಗಿನಿಂದ ಹೆಂಡತಿ ವೆರ್ನಾ ಒಗ್ಗರಣೆ ಹಾಕಿದಳು.

ಮಧ್ಯಾಹ್ನ ಚರ್ಚಿನಲ್ಲಿ ಬಂದವರೆಲ್ಲರ ಕಿವಿಯಲ್ಲೂ ಟ್ರಾನ್ಸಿಸ್ಟರಿನ ತಂತಿ. ಹೆಣ್ಣಿನ ಕಡೆಯ ಸಾಲುಗಳು ಕಿತ್ತಳೆ ತೋಟದಂತೆ ತುಂಬಿದ್ದವು. ಗಂಡಿನ ಕಡೆಯ ಸಾಲುಗಳಲ್ಲಿ ಒಂದು ನೊಣವೂ ಇರಲಿಲ್ಲ. ಈ ಸಲದ ಪಂದ್ಯ ಅಲಬಾಮಾ ದಡದಲ್ಲಿ. ಜಾರ್ಜಿಯಾಕ್ಕೆ ಜಾರ್ಜಿಯಾವೇ ಕಾರು ಹತ್ತಿ ಸೇತುವೆ ಮೇಲೆ ಸಿಕ್ಕಿಕೊಂಡಿತ್ತು. ಕರ್ಟಿಸನೂ ಅವನ ಕುಟುಂಬವೂ ಅದರ ನಟ್ಟನಡುವೆ, ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ ಎಂದು ಪೊಲೀಸಿನವನೊಬ್ಬ ಬಂದು ಹೇಳಿದ.

ಪಾದ್ರಿ ಸ್ಟೋಕ್ಸ್ ಗಡಿಯಾರ ನೋಡಿಕೊಂಡರು. "ಡೆಲ್ಮರ್, ಆಟದ ಎರಡನೇ ಅರ್ಧಕ್ಕೆ ನಾನು ಮೈದಾನದಲ್ಲಿರ್ಬೇಕು. ಇದು ದೇವರಿಗೂ ಗೊತ್ತು."

ಡೆಲ್ಮರ್ ಬದುಕಿನಲ್ಲಿ ಮೊದಲ ಸಲ ಒಂದು ತೀರ್ಮಾನ ತೆಗೆದುಕೊಂಡ. "ಗಂಡು ಬರದಿದ್ರೆ ನಾವೇ ಹೋಗೋಣ, ನಡೀರಿ."

ಬಿಳಿ ಗೌನು ಎತ್ತಿ ಹಿಡಿದ ಲುರೀನ್, ಪಾದ್ರಿ, ಮದುವೆ ಪರವಾನಗಿ ಕೊಡುವ ಜಡ್ಜ್ ಹಾಬ್ಸ್, ಹಿಂದೆ ನೆಂಟರು, ಹೀಗೆ ಮೆರವಣಿಗೆ ಸೇತುವೆ ಹತ್ತಿತು. ಡೆಲ್ಮರನ ಕಂದು ಟೈ ನದಿಯ ಬೆಳಕಿಗೆ ಒಂದೊಂದು ಕೋನದಲ್ಲಿ ಒಂದೊಂದು ಬಣ್ಣವಾಗುತ್ತಿತ್ತು. ಎಡಗಡೆ ನಿಂತ ಕಿತ್ತಳೆಯವರು ಅದು ಹಸಿರೆಂದು, ಬಲಗಡೆಯ ಹಸಿರಿನವರು ಅದು ಕಿತ್ತಳೆಯೆಂದು ಬೇಯಿಸಿದ ಕಡಲೆಕಾಯಿಯ ಸಿಪ್ಪೆ ಎಸೆದರು. ನಟ್ಟನಡುವೆ ಕರ್ಟಿಸ್ ಕಾರಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. ಅವನಪ್ಪ ರಾಯ್ಸ್ ಗ್ಯಾಡಿ ಕಿವಿಗೆ ರೇಡಿಯೊ ಒತ್ತಿಕೊಂಡಿದ್ದ.

ಅಲ್ಲೇ ಶುರುವಾಯಿತು ಮದುವೆ.

"ಕರ್ಟಿಸ್, ಕಷ್ಟದಲ್ಲೂ ಸುಖದಲ್ಲೂ ಇವಳ ಕೈಬಿಡದೆ..." ಎನ್ನುತ್ತಿದ್ದ ಪಾದ್ರಿಗಳು ಕಿವಿಯ ತಂತಿ ಒತ್ತಿ ಚೀರಿದರು, "ಬಿಟ್ಟ! ಅಯ್ಯೋ ಪಾಪಿ, ಕೈಬಿಟ್ಟ!"

"ನಾನೇನು ಬಿಟ್ಟೆ?" ಎಂದು ಕರ್ಟಿಸ್ ಬಿಳಿಚಿಕೊಂಡ.

"ನೀನಲ್ಲಪ್ಪಾ, ನಮ್ಮ ಆಟಗಾರ. ಚೆಂಡು ಬಿಟ್ಟ."

ಅಂತೂ ಉಂಗುರ ತೊಡಿಸಿದ್ದಾಯಿತು. "ಗಂಡ ಹೆಂಡ್ತಿ, ಚೆನ್ನಾಗಿರಿ," ಎಂದು ಪಾದ್ರಿಗಳು ನಿಲುವಂಗಿ ಎತ್ತಿಕೊಂಡು ಮೈದಾನದ ಕಡೆ ಓಟ ಕಿತ್ತರು. ಡೆಲ್ಮರ್ ಮಗಳನ್ನು ಅಪ್ಪಿಕೊಂಡ.

"ಬೀಗರೇ, ಒಂದು ಮಾತು," ರಾಯ್ಸ್ ಕೆಣಕಿದ. "ಮದುವೆ ಆಗಿದ್ದು ಯಾರ ನೆಲದಲ್ಲಿ?"

"ನಮ್ಮದರಲ್ಲೇ!" ಎಂದಳು ವೆರ್ನಾ. "ನಡುವಿನಿಂದ ಈಚೆಗೆ ನಿಂತಿದ್ವಿ."

"ಜಡ್ಜ್ ಸಾಹೇಬ್ರು ಹೇಳ್ಲಿ."

ಹಾಬ್ಸ್ ಒಲ್ಲದ ಮನಸ್ಸಿನಿಂದ ರೇಡಿಯೊ ಇಳಿಸಿದರು. "ನಡುವೆ ಗಿಡುವೆ ಏನಿಲ್ಲಮ್ಮಾ. ಗಡಿ ಇರೋದು ನಮ್ಮ ದಡದ ಅಂಚಲ್ಲಿ. ನದಿ ಪೂರ್ತಿ ಜಾರ್ಜಿಯಾದ್ದು."

ಹಸಿರಿನವರು ಕಾರಿನ ಹಾರನ್ನುಗಳನ್ನೆಲ್ಲ ಒತ್ತಿದರು. ಆ ಗಲಾಟೆಯಲ್ಲಿ ಹಾಬ್ಸರ ಮುಖ ನಿಧಾನವಾಗಿ ಸುಣ್ಣದಂತಾಯಿತು.

"ಡೆಲ್ಮರ್... ನಾನು ಕೊಟ್ಟ ಪರವಾನಗಿ ಅಲಬಾಮಾ ಒಳಗೆ ಮಾತ್ರ ನಡೆಯೋದು. ಇಲ್ಲಿ ಆಗಿದ್ದು ಮದುವೆ ಅಲ್ಲ ಕಣಯ್ಯಾ."

"ಮೊದಲೇ ಹೇಳೋದಲ್ವಾ ಸ್ವಾಮೀ!"

"ಆಟ ಬಿಗಿಯಾಗಿತ್ತಲ್ಲಪ್ಪಾ."

ವೆರ್ನಾ ಲುರೀನಳ ತೋಳು ಹಿಡಿದಳು. "ನಮ್ಮ ದಡಕ್ಕೆ ಬಂದು ಇನ್ನೊಂದ್ಸಲ ಮಾಡ್ಕೊಳ್ಳಿ."

"ನಮ್ಮ ನೆಲದಲ್ಲಿ ಉಂಗುರ ತೊಡಿಸಿದ ಮಗ ಅಲ್ಯಾಕೆ ಬರ್ತಾನೆ?" ಎಂದ ರಾಯ್ಸ್. "ಜಾರ್ಜಿಯಾ ಪರವಾನಗಿ ತಗೊಳ್ಳಿ."

"ಜಾರ್ಜಿಯಾ ಕಾಗದದ ಮೇಲೆ ನನ್ನ ಮಗಳ ಮದುವೇನಾ? ನನ್ನ ಹೆಣ ಬಿದ್ದ ಮೇಲೆ!" ಎಂದಳು ವೆರ್ನಾ.

ಕರ್ಟಿಸನ ತಾಯಿ ಕಾರಿನ ಬಾಗಿಲು ತೆರೆದಳು. "ಮದುವೆ ಆಗಿಲ್ಲ ತಾನೆ? ಹತ್ತೋ ಕರ್ಟಿಸ್." ಕರ್ಟಿಸ್ ಲುರೀನಳತ್ತ ನೋಡಿದ, ಅಮ್ಮನತ್ತ ನೋಡಿದ, ಹತ್ತಿದ.

"ಇಷ್ಟಕ್ಕೆಲ್ಲ ಯಾರು ಕಾರಣ?" ಎಂದು ರಾಯ್ಸ್ ಕೇಳಿದ.

"ಇನ್ಯಾರು!" ಎಂದಳು ವೆರ್ನಾ.

ಸೇತುವೆಯ ತುಂಬ ಹಸಿರೂ ಕಿತ್ತಳೆಯೂ ಒಟ್ಟಿಗೇ ತಿರುಗಿ ಡೆಲ್ಮರನನ್ನು ನೋಡಿದವು. ನದಿ ಹುಟ್ಟಿದಂದಿನಿಂದ ಎರಡು ದಡಗಳು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ರಾಯ್ಸ್ ವೆರ್ನಾಳ ಕೈಕುಲುಕಿದ. ಟಬ್ಸಮ್ಮ ಹಸಿರು ಟೋಪಿಯ ಅಪರಿಚಿತನೊಬ್ಬನಿಗೆ ಕಡಲೆಕಾಯಿ ಕೊಟ್ಟಳು.

ಕಾರುಗಳು ಒಂದೊಂದಾಗಿ ಕದಲಿದವು. ನೆಂಟರು ಮೈದಾನದತ್ತ ಹೊರಟರು. ಗೌನಿನ ಅಂಚಿನಿಂದ ಸಿಪ್ಪೆ ಕೊಡವುತ್ತಾ ಲುರೀನ್ ಕೇಳಿದಳು, "ಅಪ್ಪಾ, ನಾನೀಗ ಯಾರ ಮನೆಗೆ ಹೋಗ್ಲಿ?"

ಡೆಲ್ಮರ್ ಆ ದಡ ನೋಡಿದ, ಈ ದಡ ನೋಡಿದ. ಆಮೇಲೆ ಸೇತುವೆಯ ಕಂಬಿಗೆ ಒರಗಿ, ಮಗಳಿಗೆ ಪಕ್ಕದಲ್ಲಿ ಸ್ವಲ್ಪ ಜಾಗ ಮಾಡಿಕೊಟ್ಟ.